ಮಿರಗಕ್ಕ ಮೊದಲು

ಮೇ ತಿಂಗಳ ಮೂರನೇ ವಾರ. ವಾಸ್ಕೋದಾಗ ಎಲ್ಲಾರೂ
ಮಳಿಗಾಲದ ಗಂಟು ಕಟ್ಟಾಕ ಹತ್ಯಾರ:
ಒಣಮೀನ, ಕೆಂಪ ಮೆಣಸಿನಕಾಯಿ, ಕೋಕಮ್ ಸಿಪ್ಪಿ,
ಪುರುಮೆಂತ ಅಂತಾರ ಅದಕ್ಕ ಇಲ್ಲಿ.
ನಾನು ವ್ಯಾನಿನ ಹಿಂದ ಕುಕ್ಕರಗಾಲಿಲೆ ಕುಂತು
ಟೈರಿನ ಗೆರಿಯೊಳಗ ಒಂದು ರೂಪಾಯಿ ತುರುಕಾಕ ಹತ್ತೀನಿ.

ನಾಣ್ಯ ಮುಳಗವಲ್ದು.
ಗೆರಿಯ ತಳದಾಗ ಸಣ್ಣ ಸಣ್ಣ ರಬ್ಬರ ದಿಬ್ಬ ಇರ್ತಾವ,
ಕಂಪನಿಯವರು ಇಟ್ಟ ಸಾಕ್ಷಿ.
ಅವು ಮ್ಯಾಲಿನ ಮೈಗೆ ಸಮ ಬಂದ ದಿನ
ವಾದ ಮುಗೀತು.
ನನ್ನ ಹಿಂದಿನವೆರಡೂ ಯುಗಾದಿಗೇ ಸಮ ಬಂದಿದ್ದವು.
ನೋಡಿಲ್ಲ ಅಂತಲ್ಲ.
ನೋಡಿ, ಕಣ್ಣು ಬ್ಯಾರೆ ಕಡೆ ಹೊಳ್ಳಿಸಿದ್ದೆ.

ಒಂಬತ್ತು ಮಕ್ಕಳು. ಸಡಾದ ಇಳಿಜಾರು.
ಹ್ವಾದ ವರ್ಷ ಮೊದಲ ಮಳಿಗೆ ಬ್ರೇಕ್ ತುಳದೆ.
ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ.
ಮೂರು ಮಾರು ಹಂಗ ನೀರಿನ ಮ್ಯಾಲೆ ಸರದು
ಮೀನಿನ ಬುಟ್ಟಿಯವಳಿಗೆ ಒಂದು ಗೇಣು ಇರಬೇಕಾದ್ರ ನಿಂತಿತು.
ಹಿಂದಿನಿಂದ ಮಕ್ಕಳು ಚಪ್ಪಾಳಿ ಬಡದು
'ಇನ್ನೊಮ್ಮೆ ಆಂಟಿ, ಇನ್ನೊಮ್ಮೆ' ಅಂದವು.
ಮನ್ಯಾಗ ಯಾರಿಗೂ ಹೇಳಲಿಲ್ಲ ನಾ.
ರಾತ್ರಿ ರೊಟ್ಟಿ ಬಡಿಯಾಗ ಕೈ ತಾಳ ತಪ್ಪಿತು, ಅಷ್ಟ.

ಮಾಂಗೋರಿನ ಅಂಗಡಿಯವ ಮಾತಿನ ಮಲ್ಲ.
ಟೈರಿಗೆ ಪಾಲಿಶ್ ಹಚ್ಚಿ ಎಮ್ಮಿ ಮೈ ಮಾಡಿದ್ದ.
'ಹೊಸಾವು ಬಾಯಿ, ನಿನ್ನಿ ಬಂದಾವು, ಅಗ್ಗಕ್ಕ ಕೊಡ್ತೀನಿ.'
ಹೊಳ್ಳಿಸಿ, ಸೆರಗಿಲೆ ಒರಸಿ, ಓದಿದೆ.
ತತ್ತಿಯಂಥ ಚೌಕಟ್ಟಿನಾಗ ನಾಲ್ಕು ಅಂಕಿ:
ಮೂರು ಎಂಟು ಒಂದು ಎಂಟು.
ಮೊದಲಿನೆರಡು ವಾರ, ಕಡೀ ಎರಡು ವರ್ಷ.
ಟೈರಿಗೂ ಜಾತಕ ಇರ್ತದ, ಅದನ್ನ ಭಟ್ಟರು ಬರೆದಿರೂದಿಲ್ಲ.
ನನ್ನ ಸಣ್ಣ ಮಗಳಿಗಿಂತ ದೊಡ್ಡದು ಈ ಹೊಸಾದು!
'ಇದು ಒಂದು ಮೈಲೂ ಓಡೇ ಇಲ್ಲ' ಅಂದ.
ಓಡದಿದ್ರೂ ರಬ್ಬರು ಮುದುಕಾಗ್ತದ, ಅಣ್ಣಾ.
ಕುಂತಲ್ಲೇ ಬಿರಕು ಬಿಡ್ತದ.

ಕಾಯ್ತಾನನ ಅಂಗಡಿ ಚಿಕಾಲಿಮ್ ತಿರುವಿನಾಗ. ಬೋರ್ಡಿಲ್ಲ.
ಕೊಂಕಣಿಯಾಗ ಬೈತಾನ, ಹಿಂದಿಯಾಗ ರೇಟ್ ಹೇಳ್ತಾನ.
ಹಳೇದರ ಒಳ ಅಂಚು ಬೆರಳಿಲೆ ಸವರಿ
'ಒಂದೇ ಕಡೆ ತಿಂದದ. ಅಲೈನ್‌ಮೆಂಟ್ ಮಾಡಿಸದ ಹೊಸಾದು ಹಾಕೂದಂದ್ರ
ಹಲ್ಲು ಕಟ್ಟಿಸಿಕೊಂಡು ಕಲ್ಲು ಕಡದಂಗ.'
ನನ್ನ ಹತ್ರ ಎರಡರ ದುಡ್ಡದ ಅಂದೆ.
ಮುಂದಿನವಕ್ಕ ತಾನೇ ನಾಣ್ಯ ಇಟ್ಟು ನೋಡಿದ, ಅರ್ಧ ಮುಳಗಿತು.
'ಚೌತಿ ಮಟ ನಡೀತಾವ. ಆಮ್ಯಾಲೆ ಬಾ.'

ಹಂಗಾದ್ರ ಅವನ್ನ ಹಿಂದ ಹಾಕಿ ಹೊಸಾವ ಮುಂದ ಹಾಕು,
ಸ್ಟೇರಿಂಗ್ ಮುಂದ, ಬ್ರೇಕಿನ ಭಾರ ಮುಂದ.
ತಲಿ ಅಳ್ಳಾಡಿಸಿದ.
'ಮುಂದಿನದು ಜಾರಿದ್ರ ಕೈಗೆ ಗೊತ್ತಾಗ್ತದ.
ಹಿಂದಿನದು ಜಾರಿದ್ರ, ಗೊತ್ತಾಗೂದ್ರಾಗ
ಗಾಡಿ ಬಂದ ದಾರಿ ನೋಡ್ತಿರ್ತದ.'
ಹಿಂದ ಕೂಡೋರು ಯಾರು ಅಂತ ಕೇಳಲಿಲ್ಲ.
ಕಿಟಕಿಗೆ ಮಕ್ಕಳು ಅಂಟಿಸಿದ ಸ್ಟಿಕರ್ ಅವನಿಗೂ ಕಾಣ್ತಿತ್ತು.

ಎರಡು ಮಂಗಳವಾರದ ಸಂತಿ, ಒಂದು ಬೆಳ್ಳಿ ಕಾಲ್ಗೆಜ್ಜಿ,
ಇಂಥಾವೆಲ್ಲಾ ಎಣಿಸಿ ಅವನ ಟೇಬಲ್ ಮ್ಯಾಲಿಟ್ಟೆ.
ಬಿಲ್ ಇಸಗೊಂಡೆ. ಅದರಾಗೂ ನಾಲ್ಕಂಕಿ ಬರಸಿದೆ.
'ಹೊಸ ಮೈ ನುಣುಪಿರ್ತದ, ಮೊದಲೊಂದು ವಾರ ಮೆಲ್ಲಕ' ಅಂದ.

ಹಳೇವು ಎಲ್ಲಿ ಹ್ವಾದವು ಅಂತ ಹುಡುಕಿದೋಳಲ್ಲ.
ಮೀನಿಗೆ ಅಂತ ಖಾರೆವಾಡೊ ಧಕ್ಕೆಗೆ ಹ್ವಾದಾಗ ಕಂಡಿತು ಒಂದು,
ಶೆರ್ವಿನ್ ಬಳದಿದ್ದ ಹಳದಿ ಬಣ್ಣದ ಚುಕ್ಕಿ ಸಮೇತ,
ಟ್ರಾಲರಿನ ಪಕ್ಕಡಿಗೆ ಹಗ್ಗದಾಗ ಜೋತಾಡಾಕ ಹತ್ತಿತ್ತು.
ಧಕ್ಕೆ ಗುದ್ದಿದಾಗೊಮ್ಮೆ ಹುಂ ಅಂತಿತ್ತು.
ಅದಕ್ಕೀಗ ಗೆರಿ ಬೇಕಾಗಿಲ್ಲ.

ಸಾಲಿ ಸುರು. ಮಿರಗ ಸುರು.
ಹೊಸ ಟೈರಿನ ರಬ್ಬರ ಕೂದಲಾ ಕಿತ್ತು ಕಿತ್ತು
ಮಕ್ಕಳು ಕಂಪಾಸಿನಾಗ ತುಂಬಿಕೊಂಡಾವ.
ಸಡಾದ ಇಳಿಜಾರು, ಅದ ತಿರುವು, ಅಡ್ಡ ಒಂದು ಆಕಳು.
ತುಳದೆ.
ನಿಂತಿತು.
ಹಿಂದ ಒಂದು ಗಳಿಗಿ ಯಾರೂ ಮಾತಾಡಲಿಲ್ಲ.
ಆಮ್ಯಾಲೆ ಶೆರ್ವಿನ್, ಭಾಳ ಬ್ಯಾಸರದಿಂದ:
'ಈ ವರ್ಷ ಜಾರೂದಿಲ್ಲೇನ್ ಆಂಟಿ?'